ಲೈನ್ ಲೈಸೆನ್ಸ್ ಬೇಕಾ, ಇನ್ನೊಂದು ನಂಬರ್ ಸಾಕಾ?

ಕ್ಲೌಡ್ ಫೋನ್, ಅಂದರೆ ಇಂಟರ್ನೆಟ್ ಮೂಲಕ ನಡೆಯುವ ಆಫೀಸ್ ಫೋನ್, ಅದರ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಅಕೌಂಟ್ ತೆರೆಯೋದು, ಆ್ಯಪ್ ಹಾಕಿಕೊಳ್ಳೋದು ಎಲ್ಲರಿಗೂ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಲೈಸೆನ್ಸ್ ಅನ್ನೋದು ಒಬ್ಬ ಮನುಷ್ಯನಿಗೆ. ಅವರಿಗೆ ಎಕ್ಸ್‌ಟೆನ್ಶನ್ (ಆಫೀಸಿನೊಳಗಿನ ಚಿಕ್ಕ ನಂಬರ್), ಲಾಗಿನ್, ವಾಯ್ಸ್‌ಮೇಲ್, ಹೊರಗೆ ಕರೆ ಮಾಡುವ ಅನುಕೂಲ ಸಿಗುತ್ತದೆ. ಹೆಚ್ಚುವರಿ ನಂಬರ್ ಅಂದರೆ ಕರೆ ಒಳಗೆ ಬರಲು ಇನ್ನೊಂದು ಬಾಗಿಲು ಅಷ್ಟೇ. ಎತ್ತಿ ಮಾತಾಡಲು ಒಳಗೆ ಯಾರಾದರೂ ಇರಲೇಬೇಕು ಅಲ್ವಾ?

ಕಲಬುರಗಿಯ ಒಂದು ದಾಲ್ ಮಿಲ್ ತಗೊಳ್ಳಿ. ಫೋನ್ ಎತ್ತುವವರು ಮೂವರು: ಒಬ್ಬರು ಆರ್ಡರಿಗೆ, ಒಬ್ಬರು ಲೆಕ್ಕಕ್ಕೆ, ಒಬ್ಬರು ಲಾರಿ ವ್ಯವಸ್ಥೆಗೆ. ಮಾಲೀಕರಿಗೆ ತೊಗರಿ ಮಾರುವ ರೈತರಿಗೊಂದು ನಂಬರ್ ಬೇಕು, ಹೋಲ್‌ಸೇಲ್ ವ್ಯಾಪಾರಿಗಳಿಗೊಂದು, ಬೇಳೆ ಪಾಕೀಟಿನ ಮೇಲೆ ಅಚ್ಚು ಹಾಕಿಸಲು ಇನ್ನೊಂದು. ಅಂದಮಾತ್ರಕ್ಕೆ ಆರು ಲೈಸೆನ್ಸ್ ಬೇಡ. ಮೂರೇ ಸಾಕು. ಆ ಮೂರು ನಂಬರುಗಳನ್ನು ಇದೇ ಮೂವರ ರಿಂಗ್ ಗ್ರೂಪಿಗೆ (ಒಂದು ಕರೆ ಬಂದರೆ ಗುಂಪಿನವರ ಫೋನ್‌ಗಳಿಗೆ ರಿಂಗ್ ಆಗುವ ಏರ್ಪಾಡು) ತಿರುಗಿಸಿದರೆ ಆಯಿತು.

ತಲೆ ಕೆಡೋದು ಮುಂದಿನ ಹಂತದಲ್ಲಿ, ಇದನ್ನು ನಿಧಾನವಾಗಿ ಓದಿ. ನಂಬರ್ ಜಾಸ್ತಿ ಆದರೆ ಒಂದೇ ಸಲಕ್ಕೆ ಜಾಸ್ತಿ ಕರೆ ತಗೋಬಹುದು ಅಂತ ಅನಿಸುತ್ತದೆ. ಆಗೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಶಿ ಆಗಿ ಹೊಸ ತೊಗರಿ ಎಪಿಎಂಸಿಗೆ ಬರುವಾಗ ಮೂವರೂ ಮಾತಿನಲ್ಲಿದ್ದಾರೆ ಅಂತಿಟ್ಟುಕೊಳ್ಳಿ. ನಾಲ್ಕನೇ ಕರೆ ಪಾಕೀಟಿನ ನಂಬರಿಗೆ ಬರಲಿ, ರೈತರ ನಂಬರಿಗೆ ಬರಲಿ, ಕ್ಯೂನಲ್ಲಿ ಕಾಯುತ್ತದೆ, ಇಲ್ಲವೇ ಬಿಝಿ ಬರುತ್ತದೆ. ಹಳೇ ಪಿಆರ್‌ಐ ಲೈನ್ (ಆಫೀಸಿಗೆ ಒಂದೇ ತಂತಿಯಲ್ಲಿ ಹಲವು ಕರೆ ತರುವ ಡಿಜಿಟಲ್ ಲೈನ್) ನೋಡಿದರೆ ಇದು ಸರಿಯಾಗಿ ಕೂರುತ್ತದೆ. ಅದರಲ್ಲಿ 32 ಟೈಮ್‌ಸ್ಲಾಟ್, ಅಂದರೆ ಚಾನೆಲ್. ಒಂದು ಎರಡೂ ತುದಿಯ ತಾಳ ಹೊಂದಿಸಲು, ಒಂದು ಸಿಗ್ನಲಿಂಗಿಗೆ (ಕರೆ ಜೋಡಿಸುವ, ಕಡಿಯುವ ಸಂದೇಶಕ್ಕೆ), ಉಳಿದ 30 ಮಾತಿಗೆ. ಆ ಲೈನಿನ ಹಿಂದೆ 100 ಡಿಐಡಿ ನಂಬರ್ (ಹೊರಗಿನಿಂದ ನೇರವಾಗಿ ಡಯಲ್ ಮಾಡುವ ನಂಬರ್) ಇಟ್ಟರೂ 31ನೇ ಕರೆಗೆ ಜಾಗ ಇಲ್ಲ. ನಂಬರ್ ಬೇರೆ, ಚಾನೆಲ್ ಬೇರೆ, ಮಾತಾಡುವ ಜನ ಬೇರೆ. ಈ ಮೂರನ್ನೂ ಬೇರೆ ಬೇರೆ ಎಣಿಸಿ.

ಹಾಗಾಗಿ ನನ್ನ ಲೆಕ್ಕ ಇಷ್ಟೇ: ಫೋನ್ ಹಿಡಿದು ಮಾತಾಡುವವರು ಎಷ್ಟೋ ಅಷ್ಟು ಲೈಸೆನ್ಸ್, ಬೋರ್ಡು, ಬಿಲ್ಲು, ಪಾಕೀಟಿನ ಮೇಲೆ ಬೇರೆ ಬೇರೆಯಾಗಿ ಬರೆಸುವುದು ಎಷ್ಟೋ ಅಷ್ಟು ನಂಬರ್. ಸೀಸನ್ನಿಗೆ ಮಾತ್ರ ಇಬ್ಬರನ್ನು ಸೇರಿಸಿಕೊಂಡರೆ ಅವರಿಗೆ ತಿಂಗಳ ಲೆಕ್ಕದ ಲೈಸೆನ್ಸ್ ತಗೊಳ್ಳಿ, ಸುಮ್ನೆ ವರ್ಷದ ಹಣ ಕಟ್ಟಬೇಡಿ.

ಹೊರಗೆ ಹೋಗುವ ಕರೆಗೂ ಲೈಸೆನ್ಸ್ ಹೆಚ್ಚಿಸಬೇಕಾಗಿಲ್ಲ. ಬಹಳಷ್ಟು ಸೇವೆಗಳಲ್ಲಿ ಒಬ್ಬರೇ ಕುಳಿತು, ರೈತರಿಗೆ ಕರೆ ಮಾಡುವಾಗ ರೈತರ ನಂಬರ್, ವ್ಯಾಪಾರಿಗೆ ಕರೆ ಮಾಡುವಾಗ ಹೋಲ್‌ಸೇಲ್ ನಂಬರ್ ಕಾಣುವಂತೆ ಆರಿಸಿಕೊಳ್ಳಬಹುದು.

ಎರಡು ಸಣ್ಣ ವಿಷಯ ಉಳಿದವು. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ "ಒಂದು ಒತ್ತಿ, ಎರಡು ಒತ್ತಿ" ಅನ್ನುವ ಮೆನುವಿಗೆ ನಂಬರ್ ಕೊಡಬೇಕಾದರೆ ರಿಸೋರ್ಸ್ ಅಕೌಂಟ್ (ಮನುಷ್ಯರಿಗಲ್ಲ, ಮೆನುವಿನಂಥದ್ದಕ್ಕೆ ಇರುವ ಅಕೌಂಟ್) ಲೈಸೆನ್ಸ್ ಬೇಕು, ಆದರೆ ಅದಕ್ಕೆ ದುಡ್ಡಿಲ್ಲ. ಮಿಲ್ಲಿನ ಗೇಟ್ ಹತ್ತಿರ ಎಲ್ಲರೂ ಬಳಸುವ ಫೋನಿಗೆ ಕೆಲವು ಕಂಪನಿಗಳು ಕಾಮನ್ ಏರಿಯಾ ಲೈಸೆನ್ಸ್ ಅಂತ ಅಗ್ಗದ್ದನ್ನು ಕೊಡುತ್ತವೆ, ಅಲ್ಲಿ ಪೂರ್ತಿ ಲೈಸೆನ್ಸ್ ತಗೊಳ್ಳುವ ಮೊದಲು ಅದನ್ನು ಕೇಳಿ.