ಪದ ಪರಿಚಯ: ಪ್ಯಾಲಿಟಾಕ್ಸಿನ್

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಬರಹಗಳಲ್ಲಿ ‘ಹವಳ ಕುಟುಕಿ ಪ್ಯಾಲಿಟಾಕ್ಸಿನ್ ಏರಿತು’ ಎಂಬ ಮಾತು ಮತ್ತೆ ಮತ್ತೆ ಕಾಣಿಸುತ್ತಿದೆ. ಅದರ ಬೆನ್ನಿಗೇ ‘ಬಿಸಿನೀರು ಸುರಿದರೆ ವಿಷ ಹೋಗುತ್ತದೆ’ ಎಂಬ ಸಲಹೆಯೂ ಬರುತ್ತದೆ. ಮೊದಲನೆಯದು ಪದದ ತಪ್ಪು ಬಳಕೆ: ಪ್ಯಾಲಿಟಾಕ್ಸಿನ್ ಹವಳದ ಬಂಧುಗಳಾದ ಕೆಲವು ಕಡಲಜೀವಿಗಳ ಮೈಯಲ್ಲಿರುವ ವಿಷ, ಕುಟುಕಿನಿಂದ ಏರುವಂಥದಲ್ಲ. ಎರಡನೆಯದು ಆ ತಪ್ಪಿಗೆ ಅಂಟಿಕೊಂಡೇ ಬರುವ, ಆಸ್ಪತ್ರೆಗೆ ಸೇರಿಸಬಲ್ಲ ಸಲಹೆ.

ಹವಾಯಿಯ ಮಾವಿ ದ್ವೀಪದಲ್ಲಿ, ಹಾನಾ ಎಂಬ ಊರಿನ ಬಳಿ, ಕಡಲಂಚಿನ ಹೊಂಡವೊಂದರಲ್ಲಿ ಬೆಳೆಯುತ್ತಿದ್ದ ಜೀವಿಯನ್ನು ಅಲ್ಲಿಯ ಜನ ‘ಲಿಮು ಮಾಕೆ ಓ ಹಾನಾ’, ಅಂದರೆ ‘ಹಾನಾದ ಸಾವಿನ ಪಾಚಿ’ ಎಂದು ಕರೆಯುತ್ತಿದ್ದರು. ಅದನ್ನು ಸವರಿದ ಈಟಿಯ ಗಾಯದಿಂದ ಯಾರೂ ಬದುಕುವುದಿಲ್ಲವೆಂಬುದು ಅವರ ನಂಬಿಕೆಯಾಗಿತ್ತು. ಆದರೆ ಅದು ಪಾಚಿಯಲ್ಲ, ಹವಳಗಳ ಬಂಧುಗಳಾದ ಜೋವಾಂತಿಡ್ ಗುಂಪಿನಲ್ಲಿ ಪ್ಯಾಲಿಥೋವಾ ಕುಲಕ್ಕೆ ಸೇರಿದ ಪ್ರಾಣಿ. 1971ರಲ್ಲಿ ರಸಾಯನವಿಜ್ಞಾನಿಗಳಾದ ರಿಚರ್ಡ್ ಮೂರ್ ಮತ್ತು ಪಾಲ್ ಶೋಯರ್ ಅದರಿಂದ ಬೇರ್ಪಡಿಸಿದ ವಿಷದ ವಿವರವನ್ನು ಪ್ರಕಟಿಸಿದಾಗ ಕುಲದ ಹೆಸರಿಗೇ ‘ಟಾಕ್ಸಿನ್’ ಜೋಡಿಸಿದರು. ಹೆಸರು ಹೇಳುವುದು ಇಷ್ಟೇ: ಪ್ಯಾಲಿಥೋವಾದಲ್ಲಿರುವ ವಿಷ. ಕುಟುಕಿನ ಸುಳಿವು ಅದರಲ್ಲಿಲ್ಲ. ಈಟಿಯ ಕಥೆಯಲ್ಲಿಯೂ ವಿಷವನ್ನು ಸವರಿದವನು ಮನುಷ್ಯನೇ.

ಹವಳಗಳಿಗೂ ಅವುಗಳ ಬಂಧುಗಳಿಗೂ ಕುಟುಕುಕೋಶಗಳಿವೆ ಎಂಬುದು ನಿಜ. ಬೆಂಕಿ ಹವಳವನ್ನು ಮುಟ್ಟಿದವರಿಗೆ ಅದರ ಉರಿ ಗೊತ್ತು. ಪ್ಯಾಲಿಟಾಕ್ಸಿನ್ ಹಾಗಲ್ಲ. ಅದು ಪ್ರಾಣಿಯ ಮೈಯಲ್ಲಿ, ಲೋಳೆಯಲ್ಲಿ ಇರುತ್ತದೆ. ನಾವು ಕತ್ತರಿಸಿದಾಗ, ಕೆರೆದಾಗ, ಹಿಂಡಿದಾಗ ಹೊರಬಂದು ಬೆರಳಿನ ಗಾಯ, ಕಣ್ಣು, ಉಸಿರಿನ ಮೂಲಕ ಒಳಸೇರುತ್ತದೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಎಕ್ಕ ಕಚ್ಚಿತೆಂದು ಯಾರೂ ಹೇಳುವುದಿಲ್ಲ.

ಬಿಸಿನೀರಿನ ಸಲಹೆ ವಿಷಮುಳ್ಳಿನ ಮೀನಾದ ಲಯನ್‌ಫಿಶ್‌ನ ಮುಳ್ಳು ಚುಚ್ಚಿದಾಗಿನದು. ಅದರ ವಿಷದಲ್ಲಿ ಪ್ರೋಟೀನ್ ಇರುವುದರಿಂದ, ಸಹಿಸಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿದರೆ ನೋವು ಇಳಿಯುತ್ತದೆ. ಪ್ಯಾಲಿಟಾಕ್ಸಿನ್ ಪ್ರೋಟೀನ್ ಅಲ್ಲ. 129 ಇಂಗಾಲದ ಪರಮಾಣುಗಳಿರುವ ಆ ದೈತ್ಯ ಅಣು ಕುದಿಸಿದರೂ ಕೆಡುವುದಿಲ್ಲ, ಹಬೆಯೊಡನೆ ಏಳುವ ಹನಿಗಳಲ್ಲಿ ಮೂಗಿಗೇ ಬರುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಬೇಡದ ಜೋವಾಂತಿಡ್‌ಗಳನ್ನು ಕೊಲ್ಲಲು ಕುದಿನೀರು ಸುರಿದ ಹವ್ಯಾಸಿ ತೀವ್ರ ಉಸಿರಾಟದ ತೊಂದರೆಗೆ ಒಳಗಾದದ್ದು ವೈಜ್ಞಾನಿಕ ವರದಿಗಳಲ್ಲಿ ದಾಖಲಾಗಿದೆ. 2018ರಲ್ಲಿ ಇಂಗ್ಲೆಂಡಿನ ಸ್ಟೀವೆಂಟನ್‌ನಲ್ಲಿ ಅಕ್ವೇರಿಯಂ ಸ್ವಚ್ಛಗೊಳಿಸುವಾಗ ಹೊರಬಿದ್ದ ಇದೇ ವಿಷದಿಂದ ಮನೆಯವರಲ್ಲದೆ ನೆರವಿಗೆ ಹೋದ ಸಿಬ್ಬಂದಿಯೂ ಆಸ್ಪತ್ರೆಗೆ ಹೋಗಬೇಕಾಯಿತು.

‘ಜೋವಾ (ಜೋವಾಂಥಸ್ ಕುಲದ ಜೋವಾಂತಿಡ್) ಆದರೆ ನಿರಪಾಯ, ಪ್ಯಾಲಿ (ಪ್ಯಾಲಿಥೋವಾ) ಆದರೆ ವಿಷ’ ಎಂಬ ಅಂಗಡಿಯ ವಿಂಗಡಣೆಯನ್ನೂ ನಂಬಬಾರದು. ನೋಟಕ್ಕೆ ಇವುಗಳನ್ನು ಬೇರ್ಪಡಿಸುವುದು ಕಷ್ಟ. ಒಂದು ಸಮೂಹದಲ್ಲಿ ಬಹಳ ವಿಷವಿದ್ದು, ಅದನ್ನೇ ಹೋಲುವ ಇನ್ನೊಂದರಲ್ಲಿ ಏನೂ ಇಲ್ಲದಿರಬಹುದು. ಎರಡನ್ನೂ ಒಂದೇ ಎಚ್ಚರದಿಂದ ಮುಟ್ಟಬೇಕು.

ಜೋವಾಂತಿಡ್ ಅಂಟಿದ ಕಲ್ಲನ್ನು ಒಣಗಿಸಿ ಬ್ರಷ್‌ನಿಂದ ಉಜ್ಜಬಾರದು, ಕುದಿಸಬಾರದು. ಫ್ರ್ಯಾಗ್ (ಹೊಸದಾಗಿ ಬೆಳೆಸಲು ತೆಗೆಯುವ ತುಂಡು) ಕತ್ತರಿಸುವಾಗ ನೈಟ್ರೈಲ್ ಕೈಗವಸು ಮತ್ತು ಕಣ್ಣಿಗೆ ಗಾಗಲ್ಸ್ ಧರಿಸಿ, ಗಾಳಿಯಾಡುವ ಕಡೆ, ಪ್ರತ್ಯೇಕ ತಟ್ಟೆಯ ಉಪ್ಪುನೀರಿನೊಳಗೇ ಕೆಲಸ ಮುಗಿಸಬೇಕು. ಕೈಯಲ್ಲಿ ಗಾಯವಿದ್ದರೆ ಆ ದಿನ ಬೇಡ. ಬಳಸಿದ ತಟ್ಟೆ, ಬ್ಲೇಡುಗಳನ್ನು ಮನೆಬಳಕೆಯ ಬ್ಲೀಚ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಬ್ಲೀಚ್ ಈ ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ. ಬಾಯಲ್ಲಿ ಲೋಹದ ರುಚಿ, ಜ್ವರ, ಸ್ನಾಯುನೋವು, ಉಸಿರು ಕಟ್ಟುವಿಕೆ ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಪ್ರತಿವಿಷ ಇಲ್ಲ; ಚಿಕಿತ್ಸೆ ಲಕ್ಷಣಗಳಿಗೆ ಮಾತ್ರ. ಅಲ್ಲಿ ವೈದ್ಯರಿಗೆ ‘ಹವಳ ಕುಟುಕಿತು’ ಎನ್ನದೆ, ಜೋವಾಂತಿಡ್ ಕತ್ತರಿಸಿದೆ, ಪ್ಯಾಲಿಟಾಕ್ಸಿನ್ ಇರಬಹುದು ಎಂದು ಹೆಸರು ಬರೆದುಕೊಡಿ.