ನೆಲವೋ, ಛಾವಣಿಯೋ? ಡಿಇಎಂ ಆರಿಸುವ ಮುಂಚೆ

30 ಮೀಟರ್ ಚೌಕ ಬೇಕೋ, 90 ಮೀಟರ್ ಸಾಕೋ? ಡಿಇಎಂ, ಅಂದರೆ ಜಾಗವನ್ನು ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ ಒಂದು ಎತ್ತರ ಬರೆದಿಟ್ಟ ಫೈಲ್, ಇಳಿಸಿಕೊಳ್ಳುವಾಗ ನಾವು ಮೊದಲು ಕೇಳುವುದು ಇದನ್ನೇ, ಅಲ್ವಾ? ಬೆಂಗಳೂರಿನ ಮಟ್ಟಿಗೆ ಅದಕ್ಕಿಂತ ಮುಂಚೆ ಕೇಳಬೇಕಾದ ಮಾತೊಂದಿದೆ: ಆ ಎತ್ತರ ನೆಲದ್ದೋ, ಛಾವಣಿಯದ್ದೋ?

ಲಾಲ್‌ಬಾಗ್ ನೋಡಿ. ಕೆಂಪೇಗೌಡ ಗೋಪುರ ಇರುವ ಬಂಡೆ ಬೋಳು. ಅಲ್ಲಿ ಸಿಗುವ ಎತ್ತರ ಹೆಚ್ಚುಕಡಿಮೆ ಬಂಡೆಯದ್ದೇ. ಸ್ವಲ್ಪ ಆಚೆ ದೊಡ್ಡ ಮರಗಳು. ಎತ್ತರ ಅಳೆಯಲು ಮೇಲಿನಿಂದ ಬಿಡುವ ರೇಡಾರ್ ಅಲೆಗಳಲ್ಲಿ ಬಹಳಷ್ಟು ಅಲ್ಲಿ ನೆಲ ಮುಟ್ಟುವ ಮುಂಚೆಯೇ ಎಲೆ, ಕೊಂಬೆಗೆ ತಾಗಿ ವಾಪಸಾಗುತ್ತವೆ. ಹಾಗಾಗಿ ಮರದ ಗುಂಪೇ ದಿಬ್ಬದಂತೆ ಕಾಣುತ್ತದೆ. ಕಟ್ಟಡಗಳದ್ದೂ ಇದೇ ಕಥೆ. ಹೀಗೆ ಮೇಲ್ಮೈಯ ಎತ್ತರ ಕೊಡುವ ದತ್ತಾಂಶ ಡಿಎಸ್‌ಎಂ. ಬರೀ ನೆಲದ್ದಾದರೆ ಡಿಟಿಎಂ.

ಪುಕ್ಕಟೆ ಸಿಗುವ ಡಿಇಎಂಗಳಲ್ಲಿ ಒಂದಾದ ಎಸ್‌ಆರ್‌ಟಿಎಂ ಅನ್ನು ಎಂಡೆವರ್ ಬಾಹ್ಯಾಕಾಶ ನೌಕೆ 2000ರ ಫೆಬ್ರವರಿಯಲ್ಲಿ ಅಳೆಯಿತು. ಆಮೇಲೆ ಎದ್ದ ಅಪಾರ್ಟ್‌ಮೆಂಟ್‌ಗಳು ಅದರಲ್ಲಿಲ್ಲ. ಊರಂಚಿನ ಹಳೆಯ ಇಳಿಜಾರು ಹುಡುಕುವವರಿಗೆ ಇದು ಲಾಭವೇ. ಇನ್ನೊಂದು ಡಿಇಎಂ, ಕೋಪರ್ನಿಕಸ್ ಜಿಎಲ್‌ಒ-30, ಹೆಚ್ಚು ನಯವಾಗಿದೆ. ಅದು 2011ರಿಂದ 2015ರ ಅಳತೆ, ಆದರೆ ಡಿಎಸ್‌ಎಂ. ಅದರಿಂದಲೇ ಮರ, ಕಟ್ಟಡಗಳನ್ನು ಲೆಕ್ಕ ಹಾಕಿ ತೆಗೆದದ್ದು ಫ್ಯಾಬ್‌ಡೆಮ್. ನೀರು ಹರಿಯುವ ದಾರಿ ಹುಡುಕಲು ನಾನು ಮೊದಲು ಅದನ್ನೇ ತೆರೆಯುತ್ತೇನೆ. ನಮ್ಮದೇ ಉಪಗ್ರಹ ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳಿಂದ ಆದ ಕಾರ್ಟೋಡೆಮ್ ಇಸ್ರೋದ ಭುವನ್ ತಾಣದಲ್ಲಿ ಸಿಗುತ್ತದೆ.

ಇಲ್ಲೊಂದು ಕಡೆ ನಾನು ಎರಡು ದಿನ ಕಳೆದುಕೊಂಡೆ. ಕಾರ್ಟೋಡೆಮ್‌ನಿಂದ ಎಸ್‌ಆರ್‌ಟಿಎಂ ಕಳೆದು ನೋಡಿದರೆ ಇಡೀ ನಗರ ಸುಮಾರು 85 ಮೀಟರ್ ಕುಸಿದಿತ್ತು! ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಇಳಿಸಿಕೊಂಡೆ. ಕೆಟ್ಟಿರಲಿಲ್ಲ. ಎತ್ತರ ಎಣಿಸಲು ಶುರುಮಾಡುವ ಸೊನ್ನೆ ಎರಡರಲ್ಲೂ ಬೇರೆ. ಒಂದರದ್ದು ಡಬ್ಲ್ಯುಜಿಎಸ್84 ದೀರ್ಘಗೋಳ, ಅಂದರೆ ಭೂಮಿಗೆ ಲೆಕ್ಕದಲ್ಲಿ ಕೊಟ್ಟ ನಯವಾದ ಆಕಾರ; ಇನ್ನೊಂದರದ್ದು ಸಮುದ್ರಮಟ್ಟಕ್ಕೆ ಹತ್ತಿರದ ಜಿಯಾಯ್ಡ್. ನಮ್ಮ ಭಾಗದಲ್ಲಿ ಜಿಯಾಯ್ಡ್ ದೀರ್ಘಗೋಳಕ್ಕಿಂತ ಅಷ್ಟು ಕೆಳಗಿದೆ. ಎರಡು ಫೈಲ್ ಹೋಲಿಸುವ ಮುಂಚೆ ಎರಡರ ಸೊನ್ನೆಯನ್ನೂ ಒಂದೇ ಮಾಡಿಕೊಳ್ಳಿ. ಇಳಿಜಾರು ಲೆಕ್ಕ ಹಾಕುವ ಮುಂಚೆ ಫೈಲನ್ನು ಯುಟಿಎಂ 43 ಉತ್ತರಕ್ಕೆ, ಅಂದರೆ ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿಗೆ, ತನ್ನಿ. ಇಲ್ಲದಿದ್ದರೆ ಅಡ್ಡಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಉಳಿದು ಲೆಕ್ಕವೇ ತಪ್ಪುತ್ತದೆ.

ಇನ್ನು ರಾಜಕಾಲುವೆ, ಊರಿನ ಮಳೆನೀರು ಹರಿಯುವ ದೊಡ್ಡ ಕಾಲುವೆ. ಹತ್ತು ಮೀಟರ್ ಅಗಲದ ಕಾಲುವೆ 30 ಮೀಟರ್ ಚೌಕದಲ್ಲಿ ಮುಚ್ಚಿಹೋಗುತ್ತದೆ. ಅಕ್ಕಪಕ್ಕದ ಮನೆಗಳ ಎತ್ತರವೂ ಅದೇ ಚೌಕದಲ್ಲಿ ಬೆರೆಯುತ್ತದೆ. ಕೆರೆಯ ಕೋಡಿಗೂ ಇದೇ ಗತಿ. ಸುಮ್ನೆ ತಂತ್ರಾಂಶಕ್ಕೆ ತಗ್ಗು ತುಂಬಿಸುವ ಆಜ್ಞೆ ಕೊಟ್ಟರೆ ಕೆರೆ ಏರಿಯ ಮಟ್ಟಕ್ಕೆ ತುಂಬಿ, ನೀರು ಕೋಡಿ ಬಿಟ್ಟು ಏರಿಯ ಇನ್ನೆಲ್ಲೋ ದಾಟುತ್ತದೆ. ಹಾಗಾಗಿ ಬೆಳ್ಳಂದೂರು ಕೆರೆಯಿಂದ ವರ್ತೂರು ಕೆರೆಯ ಕಡೆಗೆ ಹರಿವು ಎಳೆಯುವ ಮುಂಚೆ ಕೋಡಿ ಎಲ್ಲಿದೆ ಅಂತ ಹೋಗಿ ನೋಡಿ. ಡಿಇಎಂನಲ್ಲಿ ಅಲ್ಲಿನ ಚೌಕಗಳ ಎತ್ತರವನ್ನು ಕೈಯಾರೆ ತಗ್ಗಿಸಿ, ಕಾಲುವೆಯ ಗೆರೆಯನ್ನೂ ಕೊರೆದು, ಆಮೇಲೆ ತಗ್ಗು ತುಂಬಿಸಿ.