ಪ್ರಾರ್ಥನಾ ಮಾಡಿದ್ರೂ ಮನಸ್ಸಿಗೆ ಸಮಾಧಾನ ಸಿಗವಲ್ದು, ನನ್ನ ವಿಶ್ವಾಸ ಕಡಿಮಿ ಆಗೈತೇನ್ರಿ?

ಪ್ರಶ್ನೆ: ನಮ್ಮನಿಯವ್ರು ಲಾರಿ ಹೊಡಿತಿದ್ರು, ಬೆನ್ನಿನ ಆಪರೇಶನ್ ಆಗಿ ಈಗ ಮನ್ಯಾಗ ಮಲಗೇ ಇದ್ದಾರ. ಸಂಘದ ಕಂತು ಮಾತ್ರ ವಾರಾ ವಾರಾ ಬಂದು ನಿಲ್ತೈತಿ. ಮುಂಜಾನೆ ಸಂಜಿ ಪ್ರಾರ್ಥನಾ ಮಾಡ್ತೀನಿ, ಬೈಬಲ್ ಓದ್ತೀನಿ, ಆದ್ರ ರಾತ್ರಿ ಎರಡಕ್ಕ ಎಚ್ಚರಾತಂದ್ರ ಎದಿ ಢವಢವ ಅಂತೈತಿ, ಮತ್ತ ನಿದ್ದಿ ಇಲ್ಲ. ವಿಶ್ವಾಸ ಗಟ್ಟಿ ಇದ್ದವ್ರಿಗೆ ಹಿಂಗ ಆಗಂಗಿಲ್ಲ ಅಂತ ಕೂಟದಾಗ ಒಬ್ರು ಅಂದ್ರು. ಖರೇನ್ರಿ? (ಬೆಟಗೇರಿಯಿಂದ ಒಬ್ರು ಅಕ್ಕಾರು)

ಉತ್ತರ: ಖರೆ ಅಲ್ರಿ ಅಕ್ಕಾರ. ಹಂಗ ಅಂದವ್ರು ಕೆಟ್ಟ ಮನಸ್ಸಿಂದ ಅಂದಿರಾಕಿಲ್ಲ, ಧೈರ್ಯ ಹೇಳಾಕ ಹೋಗಿ ಬಾಯಿಗೆ ಬಂದಿದ್ದು ಅಂದಿರ್ತಾರ, ಆದ್ರ ಆ ಮಾತಿಗೆ ಬೈಬಲ್‌ನ್ಯಾಗ ಆಧಾರ ಇಲ್ಲ.

ನಮ್ಮ ಕಡೆ ಯಾರಿಗರ ಕಷ್ಟ ಬಂತಂದ್ರ ಮೊದಲ ತೆಗದು ಓದೂದು ಬೈಬಲ್‌ನ ಫಿಲಿಪ್ಪಿ ಪತ್ರದ 4ನೇ ಅಧ್ಯಾಯದ 6, 7ನೇ ವಚನ. ಯಾವುದಕ್ಕೂ ಚಿಂತಿ ಮಾಡಬ್ಯಾಡ್ರಿ, ಬೇಕಾದ್ದನ್ನ ದೇವ್ರ ಮುಂದ ಹೇಳ್ರಿ, ಬುದ್ಧಿಗೆ ನಿಲುಕದಂಥಾ ದೇವಶಾಂತಿ ನಿಮ್ಮ ಮನಸ್ಸನ್ನ ಕಾಯ್ತೈತಿ ಅನ್ನೂ ಅರ್ಥದ್ದು. ಕ್ಯಾಲೆಂಡರ್ ಮ್ಯಾಲ, ಗಾಡಿ ಹಿಂದ, ಸ್ಟೇಟಸ್ಸಿನ್ಯಾಗ ಎಲ್ಲಾ ಕಡೆ ಇದು ಇರ್ತೈತಿ. ಆದ್ರ ಇದನ್ನ ಬರಿಯೂ ಮುಂದ ಅಪೊಸ್ತಲ ಪೌಲ ಸೆರ್ಯಾಗ ಇದ್ದ ಅನ್ನೂದು ಕ್ಯಾಲೆಂಡರ್ ಮ್ಯಾಲ ಇರಂಗಿಲ್ಲ. ಅದಾ ಪತ್ರದ 2ನೇ ಅಧ್ಯಾಯದ ಕಡಿ ಭಾಗ ಒಮ್ಮಿ ತೆಗೀರಿ, ಇದನ್ನ ಭಾಳ ಮಂದಿ ಓದೇ ಇರಂಗಿಲ್ಲ. ಎಪಫ್ರೊದೀತ ಅಂತ ಪೌಲನ ಜೊತಿಗಾರ, ಜಡ್ಡು ಬಿದ್ದು ಸಾಯೂ ಹಂಗ ಆಗಿ ಉಳದಿರ್ತಾನ, ಅಂವ ಹೋಗಿದ್ರ ನನಗ ದುಃಖದ ಮ್ಯಾಲ ದುಃಖ ಆಗ್ತಿತ್ತು, ಅಂವನ್ನ ನಿಮ್ಮ ಕಡೆ ಕಳಿಸಿದ್ರ ನನ್ನ ಚಿಂತಿನೂ ಸ್ವಲ್ಪ ಕಡಿಮಿ ಆಗ್ತೈತಿ ಅಂತ ಪೌಲ ಬರಿತಾನ. ಅಂದ್ರ ನೋಡ್ರಿ, ಚಿಂತಿ ಮಾಡಬ್ಯಾಡ್ರಿ ಅಂದವನ, ಎರಡು ಅಧ್ಯಾಯ ಹಿಂದ, ನನಗೂ ಚಿಂತಿ ಐತಿ ಅಂತ ಬಾಯಿಬಿಟ್ಟು ಹೇಳ್ಯಾನ. ಅಂವಗ ವಿಶ್ವಾಸ ಇರಲಿಲ್ಲ ಅಂತ ಯಾರರ ಅಂತಾರೇನು?

ಹಂಗಾರ ರಾತ್ರಿ ಎರಡಕ್ಕ ಏನ್ ಮಾಡ್ಬೇಕು ಅಂತೀರಿ. ಆ ಹೊತ್ತಿನ್ಯಾಗ ಸ್ತುತಿ ಪದ ಬಾಯಿಗೆ ಬರಂಗಿಲ್ಲ, ಬರಲಿಲ್ಲಂತ ಮತ್ತೊಂದು ಚಿಂತಿ ಹಚ್ಕೋಬ್ಯಾಡ್ರಿ. ಕೀರ್ತನೆ 13 ತೆಗೀರಿ, ಬರೀ ಆರು ವಚನ, ಮೊದಲಿನ ಎರಡರಾಗನ ಕೀರ್ತನೆಗಾರ ಇನ್ನೂ ಎಲ್ಲೀತನಕ ಅಂತ ನಾಕು ಸಲ ಕೇಳ್ತಾನ. ನನ್ನನ್ನ ಮರತೇ ಬಿಟ್ಟಿಯೇನು ಅಂತ ನೇರ ದೇವರಿಗೇ ಕೇಳೂದು, ನಮ್ಮ ಮನ್ಯಾಗ ಹಿರಿಯರ ಮುಂದ ಹಿಂಗ ಕೇಳಾಕ ಧೈರ್ಯ ಸಾಲಂಗಿಲ್ಲ ಬಿಡ್ರಿ. ಕಡೀಕ ಆತನ ಮ್ಯಾಲ ಭರವಸಾ ಇಟ್ಟು ಮುಗಿಸ್ತಾನ. ಆದ್ರ ಎಲ್ಲಾ ಕೀರ್ತನೆನೂ ಹಂಗ ಚಂದ ಮುಗಿಯಂಗಿಲ್ಲ, 88ನೇದು ಕತ್ತಲದಾಗ ಶುರುವಾಗಿ ಕತ್ತಲದಾಗನ ಮುಗಿತೈತಿ, ಅದನ್ನೂ ಯಾರೂ ಬೈಬಲ್‌ನಿಂದ ತೆಗದ್ ಹಾಕಿಲ್ಲ. 150 ಕೀರ್ತನೆದಾಗ ಹಿಂಗ ಗೋಳಾಡೂವು ಭಾಳ ಅದಾವು. ಪಾಸ್ಟರ್‌ಗೋಳು ಭಾನುವಾರ ಇವನ್ನ ಇನ್ನಷ್ಟು ಓದಸ್ಬೇಕು ಅನ್ನೂದು ನನ್ನ ಅಭಿಪ್ರಾಯ, ಬರೇ ಜಯದ ಹಾಡು ಹಾಡಿಸಿದ್ರ ಅಳೂ ಮಂದಿ ಅಳೂದಕ್ಕ ಜಾಗ ಎಲ್ಲಿ ಹುಡುಕ್ಬೇಕು?

ಇನ್ನ ನಿದ್ದಿ ಮತ್ತ ಊಟದ ಮಾತು. 1 ಅರಸು 19ರಾಗ ಎಲೀಯ ಪ್ರವಾದಿ ಅಡವ್ಯಾಗ ಒಂದು ಗಿಡದ ಬುಡಕ್ಕ ಕುಂತು ಸಾಕಾತು ದೇವ್ರೇ, ನನ್ನ ಜೀವಾ ತಗೊ ಅಂತಾನ. ದೊಡ್ಡ ಪ್ರವಾದಿ, ಹಿಂದಿನ ಅಧ್ಯಾಯದಾಗಷ್ಟ ಮುಗಿಲಿಂದ ಬೆಂಕಿ ಇಳಿಸಿದಾಂವ. ಆವಾಗ ಬಂದ ದೇವದೂತ ಉಪದೇಶ ಮಾಡಲಿಲ್ಲ, ವಿಶ್ವಾಸ ಎಲ್ಲಿ ಹೋತು ಅಂತ ಕೇಳ್ಲಿಲ್ಲ, ಏಳು ಊಟಾ ಮಾಡು ಅಂದ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ತಿಂದು ಮತ್ತ ಮಲಗಿದ, ದೂತ ಮತ್ತ ಎಬ್ಬಿಸಿ ಮತ್ತ ಉಣಿಸಿದ. ದೇವ್ರ ಜೊತಿ ಮಾತುಕತಿ ಆಗಿದ್ದು ಆಮ್ಯಾಗ, ಹೋರೇಬ್ ಬೆಟ್ಟದಾಗ, ಅದೂ 40 ದಿನ ನಡದ ಮ್ಯಾಲ. ಗಂಡನ ಔಷಧ, ಸ್ನಾನ, ಪಥ್ಯ ಎಲ್ಲಾ ನೋಡ್ಕೊಂತ ನೀವು ಮಧ್ಯಾಹ್ನ ಏನ್ ಉಂಡ್ರಿ ಅಂತ ನಾ ಕೇಳಿದ್ರ ಏನ್ ಹೇಳ್ತೀರಿ? ಇಂಥಾ ಟೈಮಿನ್ಯಾಗ ಉಪವಾಸ ಪ್ರಾರ್ಥನಾ ಹಿಡಿಬ್ಯಾಡ್ರಿ, ಯಾರರ ಹಿಡೀರಿ ಅಂದ್ರೂ ಬ್ಯಾಡ ಅನ್ರಿ.

ಕೂಟದಾಗ ಪ್ರಾರ್ಥನಾ ವಿಷಯ ಕೊಡೂವಾಗ ನಾವೆಲ್ಲಾ ಮನಿಯವರ ಆರೋಗ್ಯಕ್ಕ ಪ್ರಾರ್ಥನಾ ಮಾಡ್ರಿ ಅಂದು ಕುಂತ್ಬಿಡ್ತೀವಿ, ವಾಟ್ಸಾಪ್ ಗ್ರೂಪಿನ್ಯಾಗ ನಲ್ವತ್ತು ಆಮೆನ್ ಬೀಳ್ತಾವು, ಮನಿಗೆ ಒಬ್ರೂ ಬರಂಗಿಲ್ಲ. ಅವ್ರದೂ ತಪ್ಪಲ್ಲ, ಏನ್ ಬೇಕಂತ ಅವ್ರಿಗೆ ಗೊತ್ತಿರಂಗಿಲ್ಲ. ಅದಕ್ಕ ಬಿಡಿಸಿ ಹೇಳ್ರಿ: ಬುಧವಾರ ಎರಡರಿಂದ ನಾಕರತನಕ ನಮ್ಮನಿಯವರ ಹತ್ರ ಯಾರರ ಕುಂದ್ರ್ತೀರೇನು, ನಾ ಮಲಕೋಬೇಕು. ಡ್ರೆಸಿಂಗಿಗೆ ಕರ್ಕೊಂಡು ಹೋಗಾಕ ಯಾರರ ಆಟೋ ಐತೇನು. ಇದು ನಾಚಿಕಿ ಪಡೂ ಮಾತಲ್ಲ. ಗೆತ್ಸೇಮನೆ ತೋಟದಾಗ ಯೇಸುಸ್ವಾಮಿನ ಪೇತ್ರ, ಯಾಕೋಬ, ಯೋಹಾನ ಅನ್ನೂ ಮೂವರು ಶಿಷ್ಯರನ್ನ ಕರ್ಕೊಂಡು ಹೋಗಿ, ನನ್ನ ಜೀವ ಸಾಯೂವಷ್ಟು ದುಃಖದಾಗ ಐತಿ, ಇಲ್ಲೇ ಎಚ್ಚರಿದ್ದು ನನ್ನ ಸಂಗಾಟ ಇರ್ರಿ ಅಂದ್ರು. ಆ ಮೂವರೂ ನಿದ್ದಿ ಹೊಡದ್ರು, ಅದು ಬ್ಯಾರೆ ಮಾತು. ಕೇಳಿದ್ರು ಅನ್ನೂದು ಮುಖ್ಯ.

ನಿದ್ದಿ ಇಲ್ದ, ಎದಿ ಬಡಕೊಳ್ಳೂದು ವಾರಗಟ್ಟಲೆ ನಡದಿದ್ರ ಡಾಕ್ಟರಿಗೆ ತೋರಸ್ರಿ. ಧಾರವಾಡದಾಗ ಡಿಮ್ಹಾನ್ಸ್ ಅಂತ ಮನಸ್ಸಿನ ಕಾಯಿಲೆ ನೋಡೂ ಸರ್ಕಾರಿ ದವಾಖಾನಿ ಐತಿ, ಅಲ್ಲಿಗೆ ಹೋಗಾಕ ಆಗ್ಲಿಲ್ಲಂದ್ರ ಟೆಲಿ ಮಾನಸ್ ಅನ್ನೂ ಸರ್ಕಾರಿ ಮಾನಸಿಕ ಸಹಾಯವಾಣಿ 14416ಕ್ಕ ಫೋನ್ ಹಚ್ರಿ, ಹಗಲು ರಾತ್ರಿ ಚಾಲೂ ಇರ್ತೈತಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ಸಾಯೂ ವಿಚಾರ ಬಂತಂದ್ರ ಅವತ್ತ ಮಾಡ್ರಿ, ಕೂಟದ ದಿನಾ ಕಾಯಬ್ಯಾಡ್ರಿ. ಗುಳಗಿ ತಗೊಂಡ್ರ ವಿಶ್ವಾಸ ಇಲ್ಲ ಅನ್ನವ್ರು ಸಿಕ್ತಾರ. ನಿಮ್ಮೂರಿನ ಜರ್ಮನ್ ದವಾಖಾನಿ ಯಾರು ಕಟ್ಟಿದ್ದು ಅಂತ ಅವರಿಗೆ ಕೇಳ್ರಿ, 1841ರಾಗ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ ಅನ್ನೂ ಕ್ರೈಸ್ತ ಸಂಸ್ಥೆಯವ್ರು ಪ್ರಾರ್ಥನಾನೂ ಮಾಡ್ತಿದ್ರು, ಔಷಧಾನೂ ಕೊಡ್ತಿದ್ರು. ಗುಳಗಿ ಬಿಡು, ಇಷ್ಟು ರೊಕ್ಕ ಕೊಡು, ಸ್ಪೆಷಲ್ ಪ್ರಾರ್ಥನಾ ಮಾಡ್ತೀನಿ ಅನ್ನವ್ರು ಮನಿಗೆ ಬಂದ್ರ ಚಾ ಕುಡಿಸಿ ಕಳಸ್ರಿ, ರೊಕ್ಕ ಕೊಡಬ್ಯಾಡ್ರಿ.

ಕಂತಿಂದೂ ಹೇಳ್ಬಿಡ್ತೀನಿ. ವಸೂಲಿಗೆ ಬಂದವ್ರು ಮನಿ ಮುಂದ ಕುಂತು ಕಾಡಿದ್ರ, ಬೈದ್ರ, ಅದನ್ನ ತಡಿಯಾಕಂತನ ರಾಜ್ಯ ಸರ್ಕಾರ 2025ರಾಗ ಕಾನೂನು ತಂದೈತಿ, ಪೊಲೀಸ್ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡಬಹುದು. ಚರ್ಚಿನ ಹಿರಿಯರೊಬ್ಬರನ್ನ ಜೊತಿಗೆ ಕರ್ಕೊಂಡು ಹೋಗ್ರಿ.

ಭಾನುವಾರ ಚರ್ಚಿಗೆ ಹೋಗಾಕ ಮನಸ್ಸು ಬರವಲ್ದು ಅಂತ ನೀವು ಬರದಿಲ್ಲ, ಆದ್ರ ಇಂಥಾ ಹೊತ್ತಿನ್ಯಾಗ ಭಾಳ ಮಂದಿಗೆ ಹಂಗ ಆಗ್ತೈತಿ. ಆದ್ರೂ ಹೋಗ್ರಿ, ಕಡಿ ಬೆಂಚಿನ್ಯಾಗ ಕುಂದ್ರ್ರಿ, ಹಾಡು ಬರಲಿಲ್ಲಂದ್ರ ಉಳದವ್ರು ಹಾಡ್ತಾರ, ನಡುವ ಎದ್ದು ಮನಿಗೆ ಹೋಗೂದಿದ್ರ ಹೋಗ್ರಿ. ಯಾರರ ಹೆಂಗದೀರಿ ಅಕ್ಕಾರ ಅಂತ ಕೇಳಿದ್ರ ಆರಾಮ ಅದೀವಿ ಅನ್ನಬ್ಯಾಡ್ರಿ, ಆ ಬುಧವಾರದ ಮಾತು ಅಲ್ಲೇ ಕೇಳ್ರಿ.